ಬರಹದ ಕೆಳಗೆ ಬೆಳೆದ ಬರಹ

2005ರ ಕೊನೆಯಲ್ಲಿ ಒಂದು ರಾತ್ರಿ ನನ್ನ ಮೊದಲ ಬ್ಲಾಗ್ ಬರಹವನ್ನು ಪ್ರಕಟಿಸಿದೆ. ಪರದೆಯ ಮೇಲೆ ಶೇಕಡಾ ಸೊನ್ನೆಯಿಂದ ನೂರರವರೆಗೆ ನಿಧಾನವಾಗಿ ಏರುತ್ತಿದ್ದ ಅಂಕಿಯನ್ನು ಉಸಿರು ಬಿಗಿಹಿಡಿದು ನೋಡುತ್ತ ಕುಳಿತದ್ದು ಇಂದಿಗೂ ಕಣ್ಣ ಮುಂದಿದೆ. ಬ್ಲಾಗರ್ ಸೇವೆ ಆಗ ಪ್ರತಿಯೊಂದು ಬರಹವನ್ನೂ ಒಂದೊಂದು ಪುಟವಾಗಿ ಕಟ್ಟಿ ಸರ್ವರ್‌ನಲ್ಲಿ ಇಡುತ್ತಿತ್ತು. ಹಾಗಾಗಿ ಪುಟದ ವಿನ್ಯಾಸದಲ್ಲಿ ಒಂದು ಬಣ್ಣವನ್ನು ಬದಲಿಸಿದರೂ ಇಡೀ ಬ್ಲಾಗನ್ನು ಮತ್ತೊಮ್ಮೆ ಪ್ರಕಟಿಸಬೇಕಾಗುತ್ತಿತ್ತು, ಬರಹಗಳು ಹೆಚ್ಚಿದಂತೆ ಆ ಕಾಯುವಿಕೆಯೂ ಹೆಚ್ಚುತ್ತಿತ್ತು. ಆ ರಾತ್ರಿ ಅಂಕಿ ನೂರು ಮುಟ್ಟಿದ ಮೇಲೆ ನನ್ನ ಬ್ಲಾಗಿನ ವಿಳಾಸವನ್ನು ಬೇರೊಂದು ಕಿಟಕಿಯಲ್ಲಿ ತೆರೆದೆ. ಅಲ್ಲಿ ಕನ್ನಡದ ಬದಲು ಸಾಲುಸಾಲಾಗಿ ಚೌಕಗಳು ನಿಂತಿದ್ದವು.

ಇಂದು ಕನ್ನಡ ಅಕ್ಷರ ಯಾವ ಪರದೆಯ ಮೇಲಾದರೂ ತಾನಾಗಿಯೇ ಮೂಡುತ್ತದೆ. ಆಗ ಅದನ್ನು ಮೂಡಿಸುವುದೇ ಅರ್ಧ ಕೆಲಸವಾಗಿತ್ತು, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕನ್ನಡ ಲಿಪಿಗೆ, ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಆದರೆ ನಾವು ಬಹಳ ಕಾಲ ಬಳಸಿದ್ದು ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳನ್ನು. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳು ಕುಳಿತಿರುತ್ತಿದ್ದುದರಿಂದ, ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಬರಹ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಯೂನಿಕೋಡ್ ಫಾಂಟು ಬಂದ ಮೇಲೆ ದಾರಿ ತೆರೆಯಿತಾದರೂ, ಪ್ರಾದೇಶಿಕ ಆಯ್ಕೆಗಳ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಅಳವಡಿಸುವ ಚೌಕಕ್ಕೆ ಗುರುತು ಹಾಕಿ, ಅದು ಕೇಳಿದಾಗ ವಿಂಡೋಸ್ ಸಿ.ಡಿ.ಯನ್ನು ಹುಡುಕಿ ತಂದು ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲಷ್ಟೇ ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಈ ಹಂತಗಳನ್ನು ಒಂದು ಪುಟವಾಗಿ ಬರೆದು ಬ್ಲಾಗಿನ ಬಲಬದಿಯಲ್ಲಿ ಅದರ ಕೊಂಡಿ ಇಟ್ಟೆ. ಚೌಕಗಳನ್ನು ನೋಡುತ್ತಿರುವ ಓದುಗರಿಗೆ ಕನ್ನಡದಲ್ಲಿ ಸೂಚನೆ ಕೊಟ್ಟು ಪ್ರಯೋಜನವಿರಲಿಲ್ಲವಾದ್ದರಿಂದ ಆ ಒಂದು ಪುಟವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದಿದ್ದೆ.

ವಿನ್ಯಾಸವನ್ನೂ ಕನ್ನಡಕ್ಕೆ ಹೊಂದಿಸಬೇಕಿತ್ತು. ಬ್ಲಾಗರ್ 2004ರಲ್ಲಿ ಕೊಟ್ಟ ಸಿದ್ಧ ಟೆಂಪ್ಲೇಟುಗಳು, ಅಂದರೆ ಪುಟವಿನ್ಯಾಸದ ಮಾದರಿಗಳು, ಬಹಳ ಅಂದವಾಗಿದ್ದವು, ನಾನು ಆರಿಸಿಕೊಂಡದ್ದು ಮಿನಿಮಾ. ಆದರೆ ಅದರ ಅಳತೆಗಳೆಲ್ಲ ರೋಮನ್ ಅಕ್ಷರಗಳಿಗಾಗಿ ಇಟ್ಟವು. ಅದೇ ಅಳತೆಯಲ್ಲಿ ತುಂಗಾ ತೀರಾ ಚಿಕ್ಕದಾಗಿ ಕಾಣುತ್ತಿತ್ತು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗುಲುತ್ತಿತ್ತು. ಶೀರ್ಷಿಕೆಯಲ್ಲಿ ಅಕ್ಷರಗಳ ನಡುವೆ ಅಂತರ ಬಿಡುವ ಒಂದು ನಿಯಮವಿತ್ತು, ಅದರಿಂದಾಗಿ ಸ್ವರಚಿಹ್ನೆಗಳು ವ್ಯಂಜನದಿಂದ ಕಳಚಿಕೊಂಡು ದೂರ ನಿಲ್ಲುತ್ತಿದ್ದವು. ಕೋಡು ಬರೆಯುವುದನ್ನು ನಾನು ಎಲ್ಲಿಯೂ ಕಲಿತವನಲ್ಲ. ಡಾಲರ್ ಚಿಹ್ನೆಗಳ ನಡುವೆ ಕುಳಿತ ಟೆಂಪ್ಲೇಟ್ ಪದಗಳಲ್ಲಿ ಯಾವುದು ಶೀರ್ಷಿಕೆಯನ್ನು ತರುತ್ತದೆ, ಯಾವುದು ಬರಹದ ಒಡಲನ್ನು ತರುತ್ತದೆ ಎಂಬುದನ್ನು ಒಂದೊಂದಾಗಿ ಬದಲಿಸಿ ನೋಡಿಯೇ ತಿಳಿದುಕೊಂಡೆ. ಅಂತರದ ನಿಯಮವನ್ನು ತೆಗೆದುಹಾಕಿ, ಅಕ್ಷರದ ಗಾತ್ರ ಹೆಚ್ಚಿಸಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.8ರಷ್ಟಕ್ಕೆ ಏರಿಸಿದ ಮೇಲೆ ಪುಟ ಉಸಿರಾಡತೊಡಗಿತು. ಎರಡೂ ಅಂಚು ಸಮನಾಗಿರಲೆಂದು ಸಾಲುಗಳನ್ನು ಜಸ್ಟಿಫೈ ಮಾಡಿದ್ದೆ. ಆದರೆ ಆಗಿನ ಒಂದು ಬ್ರೌಸರಿನಲ್ಲಿ ಹಾಗೆ ಮಾಡಿದೊಡನೆ ಸಂಯುಕ್ತಾಕ್ಷರಗಳು ಒಡೆದು ಚೂರಾಗುತ್ತಿವೆ ಎಂದು ಓದುಗರೊಬ್ಬರು ಪರದೆಯ ಚಿತ್ರದ ಸಮೇತ ಇಮೇಲ್ ಕಳುಹಿಸಿದ್ದರಿಂದ ಅದನ್ನೂ ಕೈಬಿಟ್ಟೆ. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಆ ಬ್ರೌಸರಿನಲ್ಲಿ ನನ್ನ ಬರಹ ಓದಲಾಗದ ಸ್ಥಿತಿಯಲ್ಲಿದ್ದರೂ ಅವರು ಪುಟ ಮುಚ್ಚಿ ಹೋಗದೆ, ಚಿತ್ರ ತೆಗೆದು, ನನ್ನ ವಿಳಾಸ ಹುಡುಕಿ ಬರೆದಿದ್ದರು. ಆ ಕಾಲದ ಬಗ್ಗೆ ನನಗಿರುವ ಪ್ರೀತಿಗೆ ಇಂಥ ಹತ್ತಾರು ಪತ್ರಗಳು ಕಾರಣ.

ಇನ್ನೊಂದು ತೊಡಕು ಕನ್ನಡದಲ್ಲಿ ಬರೆಯುತ್ತಿದ್ದ ಎಲ್ಲರಿಗೂ ಪರಿಚಿತವಾದದ್ದು. ಬ್ಲಾಗರ್ ಬರಹದ ವಿಳಾಸವನ್ನು ಶೀರ್ಷಿಕೆಯ ರೋಮನ್ ಅಕ್ಷರಗಳಿಂದ ಕಟ್ಟುತ್ತಿತ್ತು. ಶೀರ್ಷಿಕೆಯಲ್ಲಿ ಕನ್ನಡ ಅಕ್ಷರಗಳಷ್ಟೇ ಇದ್ದರೆ ಅದಕ್ಕೆ ಏನೂ ಸಿಗದೆ ಎಲ್ಲ ಬರಹಗಳಿಗೂ ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರು ಕೊಟ್ಟು, ಮುಂದೆ ಒಂದು ಅಂಕಿಯನ್ನು ಅಂಟಿಸುತ್ತಿತ್ತು. ಕೊಂಡಿಯನ್ನು ನೋಡಿ ಅದು ಯಾವ ಬರಹವೆಂದು ಹೇಳುವುದು ಅಸಾಧ್ಯವಾಗಿತ್ತು. ಇದಕ್ಕೆ ಪರಿಹಾರ ಹೇಳಿಕೊಟ್ಟವರೂ ಸಹಬ್ಲಾಗಿಗರೇ: ಮೊದಲು ರೋಮನ್ ಅಕ್ಷರಗಳ ಶೀರ್ಷಿಕೆಯೊಂದಿಗೆ ಪ್ರಕಟಿಸಬೇಕು, ಮರುಕ್ಷಣವೇ ತಿದ್ದುಪಡಿಗೆ ಹೋಗಿ ಶೀರ್ಷಿಕೆಯನ್ನು ಕನ್ನಡಕ್ಕೆ ಬದಲಿಸಬೇಕು. ಶೀರ್ಷಿಕೆ ಬದಲಾದರೂ ವಿಳಾಸ ಬದಲಾಗುತ್ತಿರಲಿಲ್ಲ. ಮುಂದಿನ ಹಲವು ವರ್ಷ ನಾನು ಪ್ರತಿ ಬರಹವನ್ನೂ ಹೀಗೆ ಎರಡು ಸಲ ಪ್ರಕಟಿಸಿದ್ದೇನೆ.

ಬರೆಯುವ ಕ್ರಮವನ್ನೂ ಹೇಳಬೇಕು. ಫೋನಿನ ತಂತಿಯ ಮೂಲಕ ಅಂತರ್ಜಾಲ ಸಂಪರ್ಕ ಪಡೆಯುತ್ತಿದ್ದ ದಿನಗಳಾದ್ದರಿಂದ ಬರಹವನ್ನು ಸಂಪರ್ಕವಿಲ್ಲದಾಗಲೇ ಬರೆದು, ಎರಡು ಮೂರು ದಿನ ಹಾಗೆಯೇ ಬಿಟ್ಟು, ಮತ್ತೆ ಓದಿ ತಿದ್ದಿ, ಆಮೇಲೆ ಸಂಪರ್ಕ ಪಡೆದು ಏರಿಸುತ್ತಿದ್ದೆ. ಒಮ್ಮೆ ಕಡತವನ್ನು ಉಳಿಸುವಾಗ ಯುಟಿಎಫ್-8 ಎಂಬ ಯೂನಿಕೋಡ್ ರೂಪವನ್ನು ಆರಿಸದೆ, ಬಂದ ಎಚ್ಚರಿಕೆಯನ್ನೂ ಗಮನಿಸದೆ ಮುಂದುವರಿದಿದ್ದರಿಂದ, ಮರುದಿನ ತೆರೆದಾಗ ನಾಲ್ಕು ಪುಟಗಳ ಬರಹದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿದಿದ್ದವು. ಅದನ್ನು ನೆನಪಿನಿಂದ ಮತ್ತೆ ಬರೆದೆ. ಎರಡನೆಯ ಸಲ ಬರೆದದ್ದು ಅರ್ಧದಷ್ಟಾಯಿತು, ಮತ್ತು ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು ಎಂದೇ ನಾನು ನಂಬಿದ್ದೇನೆ. ರೋಮನ್ ಕೀಲಿಗಳಿಂದ ಉಚ್ಚಾರಣೆಗೆ ತಕ್ಕಂತೆ ಕನ್ನಡ ಮೂಡಿಸುವ ಲಿಪ್ಯಂತರ ಪದ್ಧತಿಯಲ್ಲಿ ಟೈಪ್ ಮಾಡುವಾಗ ಲ ಮತ್ತು ಳ, ನ ಮತ್ತು ಣ ಇವುಗಳ ನಡುವೆ ಶಿಫ್ಟ್ ಕೀಲಿಯೊಂದೇ ವ್ಯತ್ಯಾಸವಾದ್ದರಿಂದ ಕೈ ತಪ್ಪಿದರೆ ‘ಬೆಳೆ’ ‘ಬೆಲೆ’ಯಾಗುತ್ತಿತ್ತು. ‘ಬ್ಲಾಗ್‌ಗಳು’ ಎಂದು ಬರೆಯಹೋದರೆ ಗಕಾರಕ್ಕೆ ಒತ್ತು ಬಂದು ‘ಬ್ಲಾಗ್ಗಳು’ ಆಗುತ್ತಿತ್ತು. ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಅಕ್ಷರವನ್ನು ಹಾಕಬೇಕೆಂದು ತಿಳಿಯುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ‘ಬ್ಲಾಗುಗಳು’ ಎಂದು ಬರೆದುಕೊಂಡೆ. ಕನ್ನಡದ ಕಿವಿಗೆ ಅದೇ ಹೆಚ್ಚು ಹಿತವೆಂದು ಈಗಲೂ ಅನ್ನಿಸುತ್ತದೆ.

ಬ್ಲಾಗ್ ಎಂಬ ಪದಕ್ಕೇ ಆಗ ಹೆಚ್ಚು ವಯಸ್ಸಾಗಿರಲಿಲ್ಲ. 1997ರ ಡಿಸೆಂಬರಿನಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ತಾವು ಓದಿದ ಕೊಂಡಿಗಳ ದಾಖಲೆಯನ್ನು ‘ವೆಬ್‌ಲಾಗ್’ ಎಂದು ಕರೆದರು. 1999ರಲ್ಲಿ ಅಲ್ಲಿಯವರೇ ಆದ ಪೀಟರ್ ಮರ್ಹೋಲ್ಜ್ ಆ ಪದವನ್ನು ‘ವಿ ಬ್ಲಾಗ್’, ಅಂದರೆ ‘ನಾವು ಬ್ಲಾಗಿಸುತ್ತೇವೆ’ ಎಂದು ಒಡೆದು ಬರೆದರು. ಅದೇ ವರ್ಷ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಸಂಸ್ಥೆ ಬ್ಲಾಗರ್ ಸೇವೆಯನ್ನು ಆರಂಭಿಸಿತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ಆ ಪದದ ಮೂಲದಲ್ಲಿಯೇ ಬೇರೆಯವರ ಪುಟಗಳ ಕಡೆಗೆ ಬೆರಳು ತೋರಿಸುವ ಅರ್ಥವಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿಯುವ ಮೊದಲೇ ನಾವು ಅದನ್ನು ಮಾಡುತ್ತಿದ್ದೆವು.

ನನ್ನ ಬ್ಲಾಗಿನ ವಸ್ತು ಪದಗಳು. ಬಳಕೆಯಿಂದ ಜಾರುತ್ತಿರುವ ಕನ್ನಡ ಪದಗಳನ್ನು ಒಂದೊಂದಾಗಿ ಎತ್ತಿಕೊಂಡು, ನಾನು ಅದನ್ನು ಎಲ್ಲಿ ಕೇಳಿದೆ, ಅದರ ಹತ್ತಿರದ ಪದಗಳು ಯಾವುವು ಎಂದು ಬರೆಯುತ್ತಿದ್ದೆ. 2006ರಲ್ಲಿ ಮಳೆಯ ಪದಗಳ ಮೇಲೆ ಒಂದು ಚಿಕ್ಕ ಬರಹ ಹಾಕಿದೆ. ತುಂತುರು, ಸೋನೆ, ಜಡಿ, ಬಿರುಮಳೆ, ಕುಂಭದ್ರೋಣ ಹೀಗೆ ನನಗೆ ಗೊತ್ತಿದ್ದ ಏಳೆಂಟು ಪದಗಳನ್ನು ಪಟ್ಟಿ ಮಾಡಿ, ಸೋನೆಗೂ ಜಡಿಗೂ ಇರುವ ವ್ಯತ್ಯಾಸವನ್ನು ನನಗೆ ತಿಳಿದಂತೆ ವಿವರಿಸಿದ್ದೆ. ಮೂರು ದಿನ ಯಾರೂ ಏನೂ ಬರೆಯಲಿಲ್ಲ. ನಾಲ್ಕನೆಯ ದಿನ ಒಬ್ಬರು, “ನಮ್ಮ ಮನೆಯಲ್ಲಿ ಇದನ್ನು ಜಿಮುರು ಮಳೆ ಎನ್ನುತ್ತಾರೆ ಸರ್, ತುಂತುರಿಗಿಂತಲೂ ಸಣ್ಣದು, ಮೈ ತೋಯಿಸುವುದಿಲ್ಲ, ಕೂದಲ ಮೇಲೆ ಮಾತ್ರ ನಿಲ್ಲುತ್ತದೆ” ಎಂದು ಬರೆದರು. ಅದನ್ನು ಓದಿದ ಇನ್ನೊಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅಡ್ಡಮಳೆಯನ್ನು ಸೇರಿಸಿದರು. ಮತ್ತೊಬ್ಬರು ಬಿತ್ತನೆಗೆ ಬೇಕಾದಷ್ಟೇ ಸುರಿದು ನಿಲ್ಲುವ ಹದಮಳೆಯನ್ನು ನೆನಪಿಸಿ, ‘ಹದ’ ಎಂಬ ಮಾತು ಅಡುಗೆಗೂ ಮಣ್ಣಿಗೂ ಮಳೆಗೂ ಒಂದೇ ಆಗಿರುವುದನ್ನು ಗಮನಿಸಿದ್ದೀರಾ ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. ಒಬ್ಬರು ಸೋನೆಯ ಬಗ್ಗೆ ನಾನು ಹೇಳಿದ್ದು ಸರಿಯಲ್ಲವೆಂದು ವಾದಿಸಿದರು, ಅದಕ್ಕೆ ಇನ್ನೊಬ್ಬರು ನಿಘಂಟಿನ ಅರ್ಥವನ್ನು ಎತ್ತಿ ಬರೆದು ಉತ್ತರಿಸಿದರು. ವಾದ ಎರಡು ವಾರ ನಡೆಯಿತು, ಯಾರೂ ದನಿ ಏರಿಸಲಿಲ್ಲ. ಕೊನೆಗೆ ನನ್ನ ಬರಹಕ್ಕಿಂತ ಅದರ ಕೆಳಗಿನ ಬರಹ ಆರು ಪಟ್ಟು ಉದ್ದವಾಗಿತ್ತು, ತಿರುಳು ಕೂಡ ಅಲ್ಲಿಯೇ ಇತ್ತು.

ಅಂದಿನಿಂದ ನಾನು ಬರೆಯುವ ರೀತಿಯೇ ಬದಲಾಯಿತು. ಎಲ್ಲವನ್ನೂ ಹೇಳಿ ಮುಗಿಸುವ ಹಂಬಲವನ್ನು ಬಿಟ್ಟು, ನನಗೆ ಸಂದೇಹವಿರುವ ಜಾಗವನ್ನು ಸಂದೇಹವಾಗಿಯೇ ಉಳಿಸಿ, ಓದುಗರು ಕೈಯಿಟ್ಟು ತುಂಬಬಹುದಾದ ಕಡೆ ನಿಲ್ಲಿಸತೊಡಗಿದೆ. ಪ್ರತಿಯೊಂದು ಪ್ರತಿಕ್ರಿಯೆಗೂ ಹೆಸರು ಹಿಡಿದು ಉತ್ತರಿಸುವುದನ್ನು ವ್ರತದಂತೆ ಪಾಲಿಸಿದೆ. “ಚೆನ್ನಾಗಿದೆ” ಎಂದು ಒಂದೇ ಮಾತು ಬರೆದವರಿಗೂ, ಅವರ ಬ್ಲಾಗಿಗೆ ಹೋಗಿ ಅಲ್ಲಿನ ಒಂದು ಬರಹವನ್ನಾದರೂ ಓದಿ ಬಂದ ಮೇಲೆ ಉತ್ತರ ಬರೆಯುತ್ತಿದ್ದೆ. ಪ್ರತಿಕ್ರಿಯೆಯಲ್ಲಿ ಬಂದ ಹೊಸ ಪದವನ್ನು ಮೇಲಿನ ಬರಹಕ್ಕೆ ಸೇರಿಸಿ, ಅದನ್ನು ತಿಳಿಸಿದವರ ಹೆಸರನ್ನು ಪಕ್ಕದಲ್ಲಿ ಬರೆಯುತ್ತಿದ್ದೆ. ಒಮ್ಮೆ ಪ್ರಕಟಿಸಿದ್ದನ್ನು ತಿದ್ದಬಾರದು ಎಂದು ವಾದಿಸುತ್ತಿದ್ದ ಬ್ಲಾಗಿಗರೂ ಇದ್ದರು, ಅವರ ನಿಲುವಿಗೆ ಅದರದೇ ಆದ ಪ್ರಾಮಾಣಿಕತೆಯಿತ್ತು. ನಾನು ಮಾತ್ರ ತಿದ್ದುತ್ತಿದ್ದೆ. ತಿದ್ದಿದ ಕಡೆ ದಿನಾಂಕ ಹಾಕುತ್ತಿದ್ದೆ.

ಬಲಬದಿಯ ಪಟ್ಟಿಯ ಬಗ್ಗೆ ಹೇಳದಿದ್ದರೆ ಈ ಅನುಭವ ಪೂರ್ಣವಾಗುವುದಿಲ್ಲ. ನಾನು ನಿಯಮಿತವಾಗಿ ಓದುವ ಬ್ಲಾಗುಗಳ ಹೆಸರುಗಳು ಅಲ್ಲಿರುತ್ತಿದ್ದವು, ಅವರ ಪಟ್ಟಿಗಳಲ್ಲಿ ನನ್ನದು ಇರುತ್ತಿತ್ತು. ಹುಡುಕಾಟದ ಯಂತ್ರಗಳಿಗೆ ಕನ್ನಡ ಆಗ ಅಷ್ಟಾಗಿ ಒಗ್ಗಿರಲಿಲ್ಲ, ಆದ್ದರಿಂದ ಹೊಸ ಓದುಗರು ಬರುತ್ತಿದ್ದುದು ಬಹುಮಟ್ಟಿಗೆ ಈ ಪಟ್ಟಿಗಳ ಮೂಲಕವೇ. ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಬ್ಲಾಗಿಗೆ, ಅಲ್ಲಿಂದ ಮತ್ತೊಬ್ಬರದಕ್ಕೆ ಹೋಗುತ್ತ ರಾತ್ರಿ ಸರಿದದ್ದು ತಿಳಿಯುತ್ತಿರಲಿಲ್ಲ. ಪಟ್ಟಿಗೆ ಒಂದು ಹೆಸರನ್ನು ಸೇರಿಸುವುದನ್ನು ನಾನು ಹಗುರವಾಗಿ ಮಾಡಲಿಲ್ಲ. ಆ ಬ್ಲಾಗಿನ ಹತ್ತು ಬರಹಗಳನ್ನಾದರೂ ಓದಿರಬೇಕು ಎಂಬ ನಿಯಮ ಇಟ್ಟುಕೊಂಡಿದ್ದೆ. ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಪರಿಶೀಲಿಸುವಾಗ, ಬರೆಯುವುದನ್ನು ನಿಲ್ಲಿಸಿದವರ ಹೆಸರನ್ನು ತೆಗೆಯದೆ ಕೆಳಗೆ ‘ಮೌನದಲ್ಲಿರುವವರು’ ಎಂಬ ತಲೆಬರಹದಡಿ ಇಡುತ್ತಿದ್ದೆ. ಅವರಲ್ಲಿ ಇಬ್ಬರು ಅದನ್ನು ನೋಡಿಯೇ ಮತ್ತೆ ಬರೆಯತೊಡಗಿದರು.

ಓದುವುದಕ್ಕೆ ನಾನು ಮೊದಲು, ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಬ್ಲಾಗ್‌ಲೈನ್ಸ್ ಅನ್ನು, ಆಮೇಲೆ 2005ರ ಅಕ್ಟೋಬರಿನಲ್ಲಿ ಬಂದಿದ್ದ, ಅದೇ ಕೆಲಸ ಮಾಡುವ ಗೂಗಲ್ ರೀಡರ್ ಅನ್ನು ಬಳಸಿದೆ. ಬ್ಲಾಗಿನ ಹೊಸ ಬರಹಗಳನ್ನು ಇಂಥ ಸೇವೆಗಳಿಗೆ ತಲುಪಿಸುವ ಫೀಡು ಎಂಬ ಸರಳ ಏರ್ಪಾಡಿನಿಂದ, ಯಾರು ಯಾವಾಗ ಬರೆದರೂ ಅದು ಬರೆದ ಕ್ರಮದಲ್ಲಿಯೇ ನನ್ನ ಮುಂದೆ ಬಂದು ನಿಲ್ಲುತ್ತಿತ್ತು, ಯಾವುದನ್ನು ಮೊದಲು ತೋರಿಸಬೇಕೆಂದು ನಡುವೆ ಬೇರೆ ಯಾರೂ ತೀರ್ಮಾನಿಸುತ್ತಿರಲಿಲ್ಲ. ನನ್ನ ಫೀಡಿನಲ್ಲಿ ಪೂರ್ತಿ ಬರಹವನ್ನೇ ಕೊಡುತ್ತಿದ್ದೆ. ಅರ್ಧ ಕೊಟ್ಟರೆ ಓದುಗರು ಬ್ಲಾಗಿಗೆ ಬರುತ್ತಾರೆ, ಎಣಿಕೆ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳಿದರು. ಎಣಿಕೆ ನನಗೆ ಬೇಕಿರಲಿಲ್ಲ. ಮಾತನಾಡಬೇಕೆನಿಸಿದವರು ಹೇಗೂ ಬಂದು ಬರೆಯುತ್ತಿದ್ದರು.

ಕಸವೂ ಬರುತ್ತಿತ್ತು. ಯಂತ್ರಗಳು ತುಂಬುವ ಜಾಹೀರಾತಿನ ಪ್ರತಿಕ್ರಿಯೆಗಳನ್ನು ತಡೆಯಲು ಸೊಟ್ಟ ಅಕ್ಷರಗಳನ್ನು ಓದಿ ಟೈಪ್ ಮಾಡುವ ಪರೀಕ್ಷೆಯನ್ನು ಇಟ್ಟು ನೋಡಿದೆ. ಅದರಿಂದ ಹಿರಿಯ ಓದುಗರಿಗೆ ಕಷ್ಟವಾಗುತ್ತಿದೆಯೆಂದು ತಿಳಿದ ಮೇಲೆ ತೆಗೆದುಹಾಕಿ, ಹಳೆಯ ಬರಹಗಳಿಗೆ ಬರುವ ಪ್ರತಿಕ್ರಿಯೆಗಳು ಮಾತ್ರ ನನ್ನ ಒಪ್ಪಿಗೆಗಾಗಿ ಕಾಯುವಂತೆ ಮಾಡಿದೆ. 2006ರ ಕೊನೆಯವರೆಗೆ ಬ್ಲಾಗರ್‌ನಲ್ಲಿ ವಿಷಯವಾರು ಲೇಬಲ್‌ಗಳು ಇರಲಿಲ್ಲವಾದ್ದರಿಂದ ಪದಗಳ ಅಕಾರಾದಿ ಸೂಚಿಯನ್ನು ಕೈಯಿಂದಲೇ ಮಾಡಿ ನಿರ್ವಹಿಸುತ್ತಿದ್ದೆ. ಲೇಬಲ್‌ಗಳು ಬಂದ ಮೇಲೂ ಆ ಸೂಚಿಯನ್ನು ಬಿಡಲಿಲ್ಲ.

2009, 2010ರ ಹೊತ್ತಿಗೆ ಪ್ರತಿಕ್ರಿಯೆಗಳು ತೆಳುವಾದವು. ಬರಹವನ್ನು ಓದಿದವರು ತಮ್ಮ ಮಾತನ್ನು ಸಾಮಾಜಿಕ ಜಾಲತಾಣಗಳಲ್ಲಿ ಹೇಳಿ ಮುಗಿಸುತ್ತಿದ್ದರು. ಮಾತು ಅಲ್ಲಿಯೂ ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ವಾರ ಕಳೆಯುವಷ್ಟರಲ್ಲಿ ಅದು ಎಲ್ಲೋ ಕೆಳಕ್ಕೆ ಸರಿದುಹೋಗಿ, ಆರು ತಿಂಗಳ ಮೇಲೆ ಹುಡುಕಿದರೆ ಸಿಗುತ್ತಿರಲಿಲ್ಲ. ಒಬ್ಬರು ಹೇಳಿದ ಒಂದು ಪದದ ಅರ್ಥ ಹಾಗೆ ನನ್ನ ಕೈತಪ್ಪಿ ಹೋದದ್ದಕ್ಕೆ ಇಂದಿಗೂ ಬೇಸರವಿದೆ. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ, ನಾನು ಓದುತ್ತಿದ್ದ ಎಪ್ಪತ್ತು ಬ್ಲಾಗುಗಳ ವಿಳಾಸಗಳನ್ನು ಒಂದು ಕಡತವಾಗಿ ಇಳಿಸಿಕೊಂಡು ಒಂದೊಂದನ್ನೇ ತೆರೆದು ನೋಡಿದೆ. ಕೆಲವು ಅಳಿಸಿಹೋಗಿದ್ದವು. ಕೆಲವುದರಲ್ಲಿ ಬರಹಗಳಿದ್ದರೂ, ಹೊರಗಿನ ಸೇವೆಯೊಂದರಿಂದ ಅಳವಡಿಸಿಕೊಂಡಿದ್ದ ಪ್ರತಿಕ್ರಿಯೆಗಳು ಆ ಸೇವೆ ನಿಂತೊಡನೆ ಮಾಯವಾಗಿದ್ದವು. ಕೆಳಗೆ ಏನೂ ಇಲ್ಲದ ಆ ಬರಹಗಳನ್ನು ಓದುವಾಗ, ಪ್ರಶ್ನೆ ಕೇಳಿ ಉತ್ತರ ಬರುವ ಮುನ್ನ ಕಡಿದುಹೋದ ಫೋನ್ ಕರೆಗಳ ನೆನಪಾಯಿತು. ನನ್ನ ಬ್ಲಾಗಿಗೆ ಹಾಗಾಗಬಾರದು ಎಂದು ಅಂದೇ ನಿಶ್ಚಯಿಸಿದೆ.

ಬ್ಲಾಗರ್‌ನಲ್ಲಿ ಇಡೀ ಬ್ಲಾಗನ್ನು ಒಂದೇ ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ 2008ರಿಂದಲೇ ಇತ್ತು. ಆ ಕಡತದಲ್ಲಿ ಬರಹಗಳೂ ಪ್ರತಿಕ್ರಿಯೆಗಳೂ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಪ್ರತಿಯೊಂದು ಪ್ರತಿಕ್ರಿಯೆಯೊಳಗೆ ಅದು ಯಾವ ಬರಹಕ್ಕೆ ಸೇರಿದ್ದು ಎಂಬ ಗುರುತಿನ ಸಂಖ್ಯೆ ಇರುತ್ತದೆ. ತಂತ್ರಾಂಶ ಬಲ್ಲ ಬ್ಲಾಗಿಗ ಸ್ನೇಹಿತರೊಬ್ಬರು ಆ ಸಂಖ್ಯೆಯನ್ನು ಹಿಡಿದು ಪ್ರತಿಕ್ರಿಯೆಗಳನ್ನು ಅವುಗಳ ಬರಹದ ಕೆಳಗೆ ಕೂರಿಸುವ ಒಂದು ಚಿಕ್ಕ ಪ್ರೋಗ್ರಾಮನ್ನು ಬರೆದುಕೊಟ್ಟರು. ಅದು 212 ಬರಹಗಳನ್ನು ಅವುಗಳ ಮಾತುಕತೆಯ ಸಮೇತ ಸರಳ ಪುಟಗಳನ್ನಾಗಿ ಮಾಡಿತು. ನಾನು ಕೈಯಿಂದ ಮಾಡಬೇಕಾದದ್ದು ಮೂರು ಕೆಲಸಗಳು. ಬೇರೆಡೆ ಇಟ್ಟಿದ್ದ ಚಿತ್ರಗಳನ್ನು ತಂದು ಪುಟಗಳ ಜೊತೆಯಲ್ಲೇ ಇಟ್ಟೆ. ಸತ್ತ ಕೊಂಡಿಗಳ ಹಳೆಯ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ, ಸಿಕ್ಕ ಕಡೆ ಅವುಗಳ ವಿಳಾಸ ಸೇರಿಸಿದೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು: ಪ್ರತಿ ಪುಟವನ್ನೂ ಮೇಲಿನಿಂದ ಕೆಳಗಿನವರೆಗೆ ಓದಿ, ಏನೂ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ರಾತ್ರಿಗೆ ಐದಾರು ಪುಟಗಳಂತೆ ಓದಿದೆ. ಮರೆತೇಹೋಗಿದ್ದ ಹೆಸರುಗಳು, ಅವರವರ ಮಾತಿನ ವರಸೆ, ಯಾರು ಯಾರಿಗೆ ‘ಅವರೇ’ ಎನ್ನುತ್ತಿದ್ದರು, ಯಾರು ಎರಡನೆಯ ವರ್ಷದ ಹೊತ್ತಿಗೆ ‘ಅಣ್ಣ’, ‘ಅಕ್ಕ’ ಎನ್ನತೊಡಗಿದರು, ಎಲ್ಲವೂ ಅಲ್ಲಿತ್ತು. ಆ ಬ್ಲಾಗಿನಲ್ಲಿ ನಾನು ಬರೆದ ಒಳ್ಳೆಯ ವಾಕ್ಯಗಳಲ್ಲಿ ಹೆಚ್ಚಿನವು ಬರಹಗಳಲ್ಲಿರಲಿಲ್ಲ, ಯಾರಿಗೋ ಕೊಟ್ಟ ಉತ್ತರಗಳಲ್ಲಿದ್ದವು.

ಕೊನೆಗೆ ಎಣಿಕೆ ತಾಳೆ ನೋಡಲು ಬ್ಲಾಗಿನ ಒಳಪುಟ ತೆರೆದಾಗ, ಒಪ್ಪಿಗೆಗಾಗಿ ಕಾದಿರುವ ಪ್ರತಿಕ್ರಿಯೆಗಳ ವಿಭಾಗದಲ್ಲಿ ನೂರಾರು ಜಾಹೀರಾತುಗಳ ನಡುವೆ ಕನ್ನಡದ ನಾಲ್ಕು ಸಾಲುಗಳು ಕಂಡವು. ಸೂಚನೆಯ ಇಮೇಲುಗಳು ನಾನು ಬಿಟ್ಟುಬಿಟ್ಟಿದ್ದ ಹಳೆಯ ವಿಳಾಸಕ್ಕೆ ಹೋಗುತ್ತಿದ್ದುದರಿಂದ ಅದು ನನ್ನ ಗಮನಕ್ಕೆ ಬಂದೇ ಇರಲಿಲ್ಲ. ದಿನಾಂಕ 2009ರದು, ಬರಹ ಮಳೆಯ ಪದಗಳದು, ಹೆಸರಿನ ಜಾಗದಲ್ಲಿ ‘ಅನಾಮಿಕ’ ಎಂದಷ್ಟೇ ಇತ್ತು. “ನಿಮ್ಮ ಪಟ್ಟಿಯನ್ನು ಈಗಷ್ಟೇ ಓದಿದೆ. ಇದರಲ್ಲಿ ಎರಚಲು ಇಲ್ಲವಲ್ಲ. ಗಾಳಿಗೆ ಸಿಕ್ಕಿ ಕಿಟಕಿಯಿಂದ ಒಳಗೆ ಬಂದು ಪುಸ್ತಕವನ್ನು ತೋಯಿಸುತ್ತದೆಯಲ್ಲ, ಅದು. ದಯವಿಟ್ಟು ಸೇರಿಸಿ” ಎಂದು ಬರೆದಿದ್ದರು.

ನಾಲ್ಕು ವರ್ಷ ತಡವಾಗಿ ಒಪ್ಪಿಗೆಯ ಗುಂಡಿಯನ್ನು ಒತ್ತಿದೆ. ತಡವಾದುದಕ್ಕೆ ಕ್ಷಮೆ ಕೇಳಿ ಅದರ ಕೆಳಗೆ ಉತ್ತರ ಬರೆದೆ. ಆಮೇಲೆ ಮೇಲಿನ ಪಟ್ಟಿಗೆ ಹೋಗಿ, ಹದಮಳೆಯ ನಂತರ ಹೊಸ ಸಾಲಿನಲ್ಲಿ ‘ಎರಚಲು’ ಎಂದು ಸೇರಿಸಿ, ಪಕ್ಕದಲ್ಲಿ ‘ತಿಳಿಸಿದವರು: ಅನಾಮಿಕ’ ಎಂದು ಬರೆದು, ಅಂದಿನ ದಿನಾಂಕ ಹಾಕಿದೆ. ಕಡತವನ್ನು ಮತ್ತೊಮ್ಮೆ ಇಳಿಸಿಕೊಂಡೆ.